ಮಹಡಿ ಮನೆಯ ನ್ಯಾಯಾಧೀಶೆ

ಆಕೆ ನ್ಯಾಯಾಧೀಶೆ ಎಂಬುದನ್ನು ನಾನು ಮೂರು ತಿಂಗಳು ನಂಬಲಿಲ್ಲ. ನಂಬದಿರಲು ನನ್ನದೇ ಕಾರಣವಿತ್ತು. ಮೂವತ್ತೊಂದು ವರ್ಷ ನಗರದ ಸಿವಿಲ್ ಕೋರ್ಟುಗಳಲ್ಲಿ ಸ್ಟೆನೋಗ್ರಾಫರ್ ಆಗಿದ್ದವಳು ನಾನು. ನ್ಯಾಯಾಧೀಶರು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಂಡು, ಟೈಪು ಮಾಡಿ, ಅವರ ಸಹಿಗೆ ಇಡುವುದರಲ್ಲೇ ನನ್ನ ಆಯುಸ್ಸು ಕಳೆದಿತ್ತು. ನಾನು ಕಂಡ ನ್ಯಾಯಾಧೀಶರು ಕೋರ್ಟ್ ಹಾಲಿಗೆ ಬರುವಾಗ ಮುಂದೆ ದಫೇದಾರ ನಡೆಯುತ್ತಿದ್ದ. ನಿವೃತ್ತರಾದ ಮೇಲೂ, ಮಗನ ಮದುವೆಗೆ ಕರೆಯಲು ಬಂದರೂ, ಮುಂದೆ ದಫೇದಾರ ಹೋಗುತ್ತಿದ್ದಾನೆ ಎಂಬಂತೆಯೇ ಅವರು ಕಾಲಿಡುತ್ತಿದ್ದರು. ಈಕೆ ನಮ್ಮ ತಾರಸಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದರು. ಸಂಜೆ ಮಾರೇನಹಳ್ಳಿ ರಸ್ತೆಯ ತಳ್ಳುಗಾಡಿಯಲ್ಲಿ ಸೊಪ್ಪು ಆರಿಸಿ, ಕಟ್ಟು ಬಿಡಿಸಿ ನೋಡಿ, ಬಾಡಿದ್ದರೆ ವಾಪಸ್ ಇಡುತ್ತಿದ್ದರು.

ನನ್ನ ಜೊತೆ ಕೆಲಸ ಮಾಡಿದ್ದ ಬೆಂಚ್ ಕ್ಲರ್ಕ್ ಒಬ್ಬರ ಮಗಳು ಕೆಂಗೇರಿ ಕಡೆಯ ಕಾನೂನು ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಅವಳೇ ಫೋನ್ ಮಾಡಿದ್ದು.

"ಆಂಟಿ, ನಿಮ್ ಮಹಡಿ ಮನೆ ಖಾಲಿ ಇದ್ಯಲ್ವಾ? ನಮ್ ಕಾಲೇಜಿಗೆ ಆಫ್ರಿಕಾದಿಂದ ಒಬ್ರು ಮೇಡಂ ಪಾಠ ಮಾಡಕ್ಕೆ ಬರ್ತಿದಾರೆ. ಒಂದು ವರ್ಷ ಇರ್ತಾರೆ. ಹ್ಯೂಮನ್ ರೈಟ್ಸ್ ಕೋರ್ಟಲ್ಲಿ ಜಡ್ಜ್ ಆಗಿದ್ದೋರು."

"ಅಷ್ಟು ದೊಡ್ಡೋರಿಗೆ ಕಾಲೇಜೋರು ಗೆಸ್ಟ್‌ಹೌಸ್ ಕೊಡಲ್ವೇನೇ?"

"ಅವ್ರೇ ಬೇಡ ಅಂದ್ರು. ಊರೊಳಗೆ, ಮಾಮೂಲಿ ಬೀದೀಲಿ ಮನೆ ಬೇಕಂತೆ."

ಸಂಶಯ ಶುರುವಾದದ್ದು ಅಲ್ಲಿಂದಲೇ. ಗೆಸ್ಟ್‌ಹೌಸ್ ಬೇಡವೆನ್ನುವವರನ್ನು ನಾನು ಕೇಳಿರಲಿಲ್ಲ. ಆದರೂ ಒಪ್ಪಿದೆ. ಗಂಡ ಹೋದ ಮೇಲೆ ಮಹಡಿಯ ಮೇಲೆ ಯಾರದಾದರೂ ಹೆಜ್ಜೆ ಸದ್ದು ಕೇಳಿದರೆ ಸಾಕು ಎನಿಸುತ್ತಿತ್ತು.

ಆಟೋದಲ್ಲಿ ಎರಡು ಸೂಟ್‌ಕೇಸ್ ಇಟ್ಟುಕೊಂಡು ಬಂದರು. ಅರವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ನರೆತ ತಲೆಗೂದಲನ್ನು ಬುಡಕ್ಕೆ ಕತ್ತರಿಸಿದ್ದರು. ಮನೆ ನೋಡಿದವರು ಅಡಿಗೆಮನೆ ಚಿಕ್ಕದು ಎನ್ನಲಿಲ್ಲ, ನೀರು ಯಾವಾಗ ಬರುತ್ತದೆ ಎಂದು ಕೇಳಲಿಲ್ಲ. ಮೂರು ಮಾತು ಕೇಳಿದರು. ಬಾಗಿಲಿನ ಬೀಗ ಬದಲಾಯಿಸಬಹುದೇ? ಗೇಟಿನ ಹತ್ತಿರ ಅವರ ಹೆಸರು ಹಾಕದಿರಬಹುದೇ? ತಾರಸಿಯಿಂದ ಹಿಂದಿನ ಮನೆಗೆ ದಾಟಲು ಆಗುತ್ತದೆಯೇ? ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಅದನ್ನು ನನ್ನ ಕನ್ನಡದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಎದುರು ಮನೆಯವರು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದು ನಿವೃತ್ತರಾದವರು. ನಮ್ಮ ಬೀದಿಯ ಸಂಘಕ್ಕೆ ಅವರೇ ಕಾರ್ಯದರ್ಶಿ. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ ಎಂಬುದು ಅವರ ಹೆಮ್ಮೆ. ಮಾರನೆಯ ಬೆಳಿಗ್ಗೆ ನಾನು ರಂಗೋಲಿ ಇಡುತ್ತಿದ್ದಾಗ ಹಾಲಿನ ಪ್ಯಾಕೆಟ್ ಹಿಡಿದು ಬಂದು ನಿಂತರು.

"ಯಾರ್ ಮೇಡಂ ಅವ್ರು? ನೈಜೀರಿಯಾನಾ?"

"ಅಲ್ಲ ಸಾರ್. ಬೇರೆ ದೇಶ. ಜಡ್ಜ್ ಅಂತೆ."

"ಅಂತೆ," ಎಂದು ಅವರು ನನ್ನ ಮಾತನ್ನೇ ಹಿಂದಕ್ಕೆ ಕೊಟ್ಟರು. "ಪೇಪರಲ್ಲಿ ಬರೋದೆಲ್ಲ ಓದ್ತೀರಲ್ಲ. ಆಮೇಲೆ ನಾನ್ ಹೇಳ್ಲಿಲ್ಲ ಅನ್ಬೇಡಿ."

ಅವರು ಏನನ್ನು ಸೂಚಿಸುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಕಪ್ಪು ಬಣ್ಣದವರ ಮೇಲೆ ಈ ಊರಿನಲ್ಲಿ ಸುಲಭವಾಗಿ ಹೊರಿಸುವ ಮಾದಕ ವಸ್ತುವಿನ ಆರೋಪ. ಆಗ ಅವರನ್ನು ತಡೆದು ಮಾತಾಡಬೇಕಿತ್ತು. ಆಡಲಿಲ್ಲ. ಒಳಗೆ ಹೋಗಿ ಮಹಡಿಯ ಸದ್ದಿಗೆ ಕಿವಿಗೊಟ್ಟೆ.

ಆಮೇಲೆ ನೋಡಿದ್ದೆಲ್ಲ ಸಂಶಯಕ್ಕೆ ಪುಷ್ಟಿ ಕೊಡುವಂತೆಯೇ ಕಂಡಿತು. ಕಾಲೇಜಿಗೆ ಹೋಗಲು ಒಂದು ದಿನ ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಮಾರನೆಯ ದಿನ ಅತ್ತಿಗುಪ್ಪೆವರೆಗೆ ನಡೆದುಹೋಗಿ ಅಲ್ಲಿ ಹತ್ತುತ್ತಿದ್ದರು. ಒಮ್ಮೆ ಒಟ್ಟಿಗೆ ದರ್ಶಿನಿಗೆ ಹೋದಾಗ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಲು ಜಾಗ ಸಿಗುವ ತನಕ ಇಡ್ಲಿ ತಟ್ಟೆ ಹಿಡಿದುಕೊಂಡೇ ಕಾದರು. ಯಾರಾದರೂ ಸೆಲ್ಫಿಗೆ ಫೋನ್ ಎತ್ತಿದರೆ ಮುಖ ತಿರುಗಿಸುತ್ತಿದ್ದರು. ಮಹಡಿಯ ಬಚ್ಚಲ ನೀರು ಒಂದು ದಿನ ಕಟ್ಟಿಕೊಂಡಿತು. ಪ್ಲಂಬರ್ ಪೈಪಿನಿಂದ ಎಳೆದದ್ದು ಬಿಳಿ ಮುದ್ದೆ, ನೆನೆದ ಕಾಗದ. ಕಾಗದಗಳನ್ನು ಚೂರು ಮಾಡಿ ಬಕೆಟ್ಟಿನಲ್ಲಿ ನೆನೆಹಾಕಿ ಕಲಸಿ ಚೆಲ್ಲುತ್ತಿದ್ದರು ಈಕೆ. ಪ್ಲಂಬರ್ ನನ್ನ ಮುಖ ನೋಡಿದ. ಕೂಲಿ ಕೊಟ್ಟು ಕಳಿಸಿದೆ.

ವಿದೇಶಿಯರಿಗೆ ಮನೆ ಕೊಟ್ಟರೆ ಪೊಲೀಸರಿಗೆ ತಿಳಿಸಬೇಕು, ಫಾರಂ ತುಂಬಿದ್ದೆ. ವಿಚಾರಿಸಲು ಕಾನ್‌ಸ್ಟೇಬಲ್ ಬಂದ. ಧಾರವಾಡ ಕಡೆಯ ಹುಡುಗ, ತುಂಬ ಮರ್ಯಾದೆಯಿಂದ ಮಾತಾಡಿದ. ಪಾಸ್‌ಪೋರ್ಟ್, ವೀಸಾ ನೋಡಿ, "ಎಲ್ಲಾ ಬರೋಬ್ಬರಿ ಐತ್ರಿ ಮೇಡಂ" ಎಂದ. ಹೊರಡುವಾಗ ಬೂಟು ಮೆಟ್ಟುತ್ತ, "ಏನರ ಡೌಟ್ ಬಂದ್ರ ಒಂದ್ ಮಾತು ಹೇಳ್ರಿ" ಎಂದೂ ಸೇರಿಸಿದ. ಎಲ್ಲ ಸರಿ ಇದ್ದರೆ ಡೌಟ್ ಯಾಕೆ ಬರಬೇಕು ಎಂದು ನಾನು ಯೋಚಿಸಲಿಲ್ಲ. ಪೊಲೀಸರಿಗೂ ಅನುಮಾನವಿದೆ ಎಂದುಕೊಂಡೆ.

ಅಷ್ಟರಲ್ಲಿ ಆಕೆಯೇ ಒಂದು ಭಾನುವಾರ ಕೆಳಗೆ ಬಂದರು.

"ನಿಮಗೆ ಶಾರ್ಟ್‌ಹ್ಯಾಂಡ್ ಬರುತ್ತದಂತೆ. ಇನ್ನೂ ಕೈ ಓಡುತ್ತದೆಯೇ?"

"ಓಡುತ್ತದೆ."

"ನೀವು ಬರೆದದ್ದನ್ನು ಬೇರೆಯವರು ಓದಬಲ್ಲರೇ?"

"ನನ್ನ ಕೈಬರಹವನ್ನು ನನ್ನ ಜೊತೆಯವರೇ ಓದಲಾರರು, ಮೇಡಂ."

ಮೊದಲ ಬಾರಿಗೆ ನಕ್ಕರು. ತಮ್ಮ ವೃತ್ತಿಜೀವನವನ್ನು ಬರೆಸಬೇಕು, ಬಲಗೈ ಮಣಿಕಟ್ಟು ನೋಯುತ್ತದೆ, ಹೇಳುತ್ತಾ ಹೋಗುತ್ತೇನೆ ಎಂದರು. ಟೈಪು ಮಾಡಲು ಇಂಟರ್‌ನೆಟ್ ಇಲ್ಲದ ಕಂಪ್ಯೂಟರೇ ಆಗಬೇಕು. ನನ್ನ ಹಳೆಯ ಕಂಪ್ಯೂಟರ್ ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ಒಪ್ಪಿದೆ. ಹೊತ್ತು ಹೋಗುತ್ತದೆ ಎಂದು ಅವರಿಗೆ ಹೇಳಿದೆ. ಇವರ ಸುಳ್ಳು ಎಲ್ಲಿ ಸಿಕ್ಕಿಬೀಳುತ್ತದೆ ನೋಡೋಣ ಎಂಬುದು ನಿಜವಾದ ಕಾರಣ.

ವಾರಕ್ಕೆ ಮೂರು ಸಂಜೆ ಅವರು ಹೇಳಿದರು, ನಾನು ಬರೆದೆ. ದೇಶದ ಹೆಸರು ಇಲ್ಲಿ ಬೇಡ. ಅವರ ತಂದೆ ಒಂದು ಸರೋವರದ ದಡದ ಊರಿನಲ್ಲಿ ಕೋರ್ಟಿನ ದುಭಾಷಿ. ಹಳ್ಳಿಯವರು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಮ್ಯಾಜಿಸ್ಟ್ರೇಟರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ. ಮನೆಗೆ ಬಂದು ಊಟಕ್ಕೆ ಕೂತಾಗ, ಈ ದಿನ ಯಾವ ಮಾತು ಇಂಗ್ಲಿಷಿಗೆ ಬರಲಿಲ್ಲ ಎಂದು ಮಗಳಿಗೆ ಹೇಳುತ್ತಿದ್ದರಂತೆ. ಮಗಳು ಕಾನೂನು ಓದಿದಳು. ಚಿಕ್ಕ ವಯಸ್ಸಿನಲ್ಲೇ ಮ್ಯಾಜಿಸ್ಟ್ರೇಟ್ ಆಗಿ ದನದ ಸಂತೆಯ ಊರೊಂದಕ್ಕೆ ಹೋದಳು. ಜೋಳದ ಗೋದಾಮೇ ಕೋರ್ಟು. ತಗಡಿನ ಸೂರಿನ ಮೇಲೆ ಮಳೆ ಬಿದ್ದರೆ ವಿಚಾರಣೆ ನಿಲ್ಲಿಸಬೇಕು, ಸಾಕ್ಷಿಯ ಮಾತು ಕೇಳಿಸುತ್ತಿರಲಿಲ್ಲ.

ಅಲ್ಲಿ ಒಬ್ಬ ವಿಧವೆ ಬಂದಳು. ಗಂಡ ಸತ್ತ ವಾರದಲ್ಲೇ ಮೈದುನಂದಿರು ಅವಳನ್ನು ಮಕ್ಕಳ ಸಮೇತ ಮನೆಯಿಂದ ಹೊರಗೆ ಹಾಕಿದ್ದರು. ಅಲ್ಲಿನ ಪದ್ಧತಿಯ ಪ್ರಕಾರ ಮನೆ ಗಂಡಸರಿಗೆ ಸೇರಬೇಕು. ಈಕೆ ಮನೆ ವಿಧವೆಯದು ಎಂದು ತೀರ್ಪು ಕೊಟ್ಟರು. ತೀರ್ಪಿನ ಪ್ರತಿ ಹಿಡಿದು ಹೋದವಳು ಎರಡು ವಾರಕ್ಕೆ ವಾಪಸ್ ಬಂದು ಗೋದಾಮಿನ ಮೆಟ್ಟಿಲ ಮೇಲೆ ಕೂತಳು. ಯಾರೂ ಬಾಗಿಲು ತೆಗೆದಿರಲಿಲ್ಲ.

"ಆಗ ನೀವೇನು ಮಾಡಿದಿರಿ?" ಎಂದು ಕೇಳಿಬಿಟ್ಟೆ. ಕೋರ್ಟಿನಲ್ಲಿ ಸ್ಟೆನೋ ಬಾಯಿ ಬಿಡುವಂತಿಲ್ಲ, ಅಭ್ಯಾಸ ತಪ್ಪಿತ್ತು.

"ಪೊಲೀಸರನ್ನು ಕರೆದುಕೊಂಡು ನಾನೇ ಹೋದೆ. ಹಾಗೆ ಹೋಗಬಾರದಿತ್ತು, ಅದು ನನ್ನ ಕೆಲಸವಲ್ಲ. ಬಾಗಿಲು ತೆಗೆಸಿದೆ. ಮೇಲಿನವರು ನನಗೆ ನೋಟಿಸ್ ಕೊಟ್ಟರು. ಬರೆದುಕೊಳ್ಳಿ, ನೋಟಿಸನ್ನೂ ಬರೆದುಕೊಳ್ಳಿ."

ಅಲ್ಲಿಂದ ಮೇಲಿನ ಕೋರ್ಟಿಗೆ ಹೋದರು. ಜೈಲುಗಳನ್ನು ತಪಾಸಣೆ ಮಾಡಿದರು, ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರನ್ನು ಬಿಡಿಸಿದರು. ಹಲವು ದೇಶಗಳು ಸೇರಿ ಮಾನವ ಹಕ್ಕುಗಳಿಗೆಂದು ಕಟ್ಟಿಕೊಂಡ ನ್ಯಾಯಾಲಯಕ್ಕೆ ಕೊನೆಗೆ ಆಯ್ಕೆಯಾದರು. ತಮ್ಮ ದೇಶದಲ್ಲಿ ನ್ಯಾಯ ಸಿಗದವರು ಆ ದೇಶದ ಮೇಲೆಯೇ ದೂರು ಕೊಡಬಹುದಾದ ನ್ಯಾಯಾಲಯ ಅದು. ಗೌನು ಹಾಕಿದ ಗಂಡಸರ ಸಾಲಿನಲ್ಲಿ ತುದಿಗೆ ಇವರ ಕುರ್ಚಿ. ಅಲ್ಲಿ ಒಂದು ನಿಯಮ: ತನ್ನ ದೇಶದ ಮೇಲಿನ ದೂರು ಬಂದಾಗ ಆ ದೇಶದ ನ್ಯಾಯಾಧೀಶರು ಎದ್ದು ಹೊರಗೆ ಹೋಗಬೇಕು.

ಇವರ ದೇಶದ ಮೇಲೆ ದೂರು ಬಂತು. ಬಂದರು ಕಟ್ಟಲು ಸರೋವರದ ದಡದಿಂದ ಬೆಸ್ತರನ್ನು ಎಬ್ಬಿಸಿದ್ದರು. ಎದುರು ಮಾತಾಡಿದವರಲ್ಲಿ ಕೆಲವರು ಲಾಕಪ್ಪಿನಲ್ಲಿ ಸತ್ತಿದ್ದರು. ಈಕೆ ನಿಯಮದಂತೆ ಎದ್ದು ಹೋದರು. ತಿಂಗಳುಗಟ್ಟಲೆ ಆ ಕಡತವನ್ನು ಮುಟ್ಟಲಿಲ್ಲ, ಊಟದ ಕೋಣೆಯಲ್ಲಿ ಆ ಮಾತು ಬಂದರೆ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ತೀರ್ಪು ಬೆಸ್ತರ ಪರವಾಗಿ ಬಂತು. ಸರ್ಕಾರ ನಂಬಲಿಲ್ಲ. ಒಳಗಿನಿಂದ ಬರೆಸಿದವಳು ಇವಳೇ ಎಂದಿತು. ಅವಧಿ ಮುಗಿಸಿ ಊರಿಗೆ ಬಂದಾಗ ಮನೆ ಶೋಧಿಸಿದರು, ತಮ್ಮನ ಕೆಲಸ ತೆಗೆದರು, ಬೀದಿಯ ತುದಿಯಲ್ಲಿ ನಂಬರ್ ಇಲ್ಲದ ಕಾರು ನಿಲ್ಲತೊಡಗಿತು.

ಒಳ್ಳೆಯ ಕಥೆ, ಎಂದುಕೊಂಡೆ. ತುಂಬ ಒಳ್ಳೆಯ ಕಥೆ. ಕೋರ್ಟಿನಲ್ಲಿ ಕೂತು ಕೂತು ನನಗೊಂದು ಚಟ ಅಂಟಿತ್ತು. ಸಾಕ್ಷಿಯ ಮಾತು ಎಲ್ಲಿ ಜಾರುತ್ತದೆ ಎಂದು ವಕೀಲರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಶಾರ್ಟ್‌ಹ್ಯಾಂಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ಈಕೆಯ ತಪ್ಪುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ವಿಧವೆಗೆ ಒಮ್ಮೆ ಮೂರು ಮಕ್ಕಳು, ಇನ್ನೊಮ್ಮೆ ನಾಲ್ಕು. ಊರು ಒಮ್ಮೆ ಗುಡ್ಡದ ಕೆಳಗೆ, ಇನ್ನೊಮ್ಮೆ ಬಯಲಲ್ಲಿ. ಅವಳ ಗಂಡ ಒಮ್ಮೆ ದನದ ವ್ಯಾಪಾರಿ, ಆಮೇಲೆ ಮೇಷ್ಟ್ರು. ಕಣ್ಣಾರೆ ಕಂಡವರು ಹೀಗೆ ತಪ್ಪುವುದಿಲ್ಲ. ಆದರೂ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾರೆ ಎಂದು ನನ್ನ ಲೆಕ್ಕಾಚಾರ.

ಆಮೇಲೆ ಆ ಸಂಜೆ ಬಂತು. ಅವರು ಕಿಟಕಿಯ ಕಡೆ ಮುಖ ಮಾಡಿ ನಿಧಾನವಾಗಿ ಹೇಳಿದರು: "ನನ್ನ ವಿರುದ್ಧ ಸಾಕ್ಷಿ ಹೇಳಿದವನು ನನ್ನ ಸ್ಟೆನೋಗ್ರಾಫರ್. ಒಂಬತ್ತು ವರ್ಷ ನನ್ನ ಜೊತೆ ಇದ್ದ. ನನ್ನ ಕರಡುಗಳ ಪ್ರತಿಗಳನ್ನು ಸರ್ಕಾರದವರಿಗೆ ಕೊಟ್ಟ. ಅವು ಬೇರೆ ಯಾವುದೋ ಕೇಸಿನವು. ಆದರೆ ಅವನು ಹಾಗೆ ಹೇಳಲಿಲ್ಲ."

ನನ್ನ ಪೆನ್ಸಿಲ್ ನಿಂತಿತು.

"ಬರೆದುಕೊಂಡಿರಾ?" ಎಂದರು.

"ಬರೆದುಕೊಂಡೆ."

"ಓದಿ ಹೇಳಿ."

ಓದಿದೆ. ಓದುವಾಗ ಮುಖ ಬಿಸಿಯಾಯಿತು. ಮೂವತ್ತೊಂದು ವರ್ಷದಲ್ಲಿ ಒಂದು ತೀರ್ಪಿನ ಒಂದು ಸಾಲನ್ನೂ ನಾನು ಹೊರಗೆ ಬಿಟ್ಟವಳಲ್ಲ. ಹಣ ತೋರಿಸಿದವರಿದ್ದರು, ಹೆದರಿಸಿದವರಿದ್ದರು. ನನ್ನ ಮುಂದೆ ಕೂತು, ನನ್ನ ಕೈಯಲ್ಲೇ ಇದನ್ನು ಬರೆಸಿ, ನನ್ನ ಬಾಯಲ್ಲೇ ಓದಿಸುತ್ತಾರಲ್ಲ, ಇದು ಎಚ್ಚರಿಕೆಯೋ, ಪರೀಕ್ಷೆಯೋ? ಇವರು ಬಂದ ದಿನದಿಂದ ನನ್ನನ್ನೇ ಅನುಮಾನಿಸುತ್ತಿದ್ದಾರೆ ಎಂದು ಆಗ ಹೊಳೆಯಿತು. ಅದು ಚುಚ್ಚಿತು. ನಾನು ಅವರನ್ನು ಅನುಮಾನಿಸುತ್ತಿದ್ದುದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಮಾರನೆಯ ದಿನ ಎದುರು ಮನೆಯವರು ಮತ್ತೆ ಕೇಳಿದರು, ನಾನು ಟೈಪು ಮಾಡುವುದು ಅವರ ಕಿಟಕಿಗೆ ಕಾಣುತ್ತಿತ್ತು. "ಏನ್ ಟೈಪ್ ಮಾಡ್ತಿದೀರಾ ಅಂತ ನಿಮಗಾದ್ರೂ ಗೊತ್ತಾ ಮೇಡಂ? ನಾಳೆ ನಿಮ್ ತಲೆ ಮೇಲೆ ಬಂದ್ರೆ? ಎರಡು ಪೇಜ್ ಕೊಡಿ, ನಮ್ ಅಳಿಯನ ಹತ್ರ ಚೆಕ್ ಮಾಡಿಸ್ತೀನಿ. ಅವನಿಗೆ ಇಂಥದ್ದೆಲ್ಲ ಗೊತ್ತಾಗುತ್ತೆ."

ಕೊಟ್ಟೆ. ಎರಡು ಹಾಳೆ ಪ್ರಿಂಟ್ ತೆಗೆದು, ಮಡಚಿ, ಕೊತ್ತಂಬರಿ ಸೊಪ್ಪಿನ ಕವರಿನಲ್ಲಿಟ್ಟು ಕೊಟ್ಟೆ. ಬೆಸ್ತರ ಕೇಸಿನ ಹಾಳೆಗಳು.

ಮೂರನೆಯ ದಿನ ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಫೋನ್ ಟಿಣ್ ಎಂದಿತು. ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪು. ನಾನು ಟೈಪು ಮಾಡಿದ ಹಾಳೆಯ ಫೋಟೋ ಅಲ್ಲಿತ್ತು. ಅದರ ಕೆಳಗೆ ಇನ್ನೊಂದು ಫೋಟೋ. ಗೌನು ಹಾಕಿದ ಹತ್ತು ಹನ್ನೊಂದು ಜನರ ಸಾಲು, ತುದಿಯಲ್ಲಿ ನಮ್ಮ ಮಹಡಿ ಮನೆಯವರು, ಇನ್ನೂ ಕಪ್ಪಿದ್ದ ಕೂದಲು, ಅದೇ ಕನ್ನಡಕ. ಅಳಿಯ ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದ. ಎಲ್ಲವೂ ನಿಜವಾಗಿತ್ತು. ಎದುರು ಮನೆಯವರು ಬರೆದಿದ್ದರು: "ನಮ್ಮ ಬೀದಿಯ ಹೆಮ್ಮೆ. ಅಂತರರಾಷ್ಟ್ರೀಯ ನ್ಯಾಯಾಧೀಶರು ನಮ್ಮ ನಡುವೆ. ರಾಜ್ಯೋತ್ಸವಕ್ಕೆ ಸನ್ಮಾನ." ಕೆಳಗೆ ಕೈಮುಗಿದ ಚಿತ್ರಗಳು, ಹೂವುಗಳು. ಮನೆ ನಂಬರನ್ನೂ ಹಾಕಿದ್ದರು.

ಮೇಲೆ ಹೋಗಿ ಹೇಳಬೇಕಿತ್ತು. ಮೆಟ್ಟಿಲ ತನಕ ಹೋದೆ, ವಾಪಸ್ ಬಂದೆ. ಸ್ನಾನ ಮಾಡಿ ಹೋಗೋಣ ಎಂದುಕೊಂಡೆ, ತಿಂಡಿಯಾದ ಮೇಲೆ ಎಂದುಕೊಂಡೆ. ಹನ್ನೊಂದು ಗಂಟೆಗೆ ಸಂಘದವರು ಐದಾರು ಜನ ಹಾರ ಹಿಡಿದು ಬಂದರು. ಎದುರು ಮನೆಯವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದರು. ನನ್ನನ್ನೂ ಕರೆದುಕೊಂಡೇ ಮೇಲೆ ಹತ್ತಿದರು.

"ಮೇಡಂ, ನೀವು ಇಂಥಾ ದೊಡ್ಡೋರು ಅಂತ ನಮಗೆ ಗೊತ್ತೇ ಇರ್ಲಿಲ್ಲ," ಎಂದರು. ಆಕೆಗೆ ಅರ್ಥವಾಗದೆ ನನ್ನ ಕಡೆ ನೋಡಿದಾಗ ಫೋನ್ ಮುಂದೆ ಚಾಚಿದರು. ಆಕೆ ಕನ್ನಡಕ ಹಾಕಿಕೊಂಡು ನೋಡಿದರು. ಹಾಳೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ನಾನು ಟೈಪು ಮಾಡಿದ ಅಕ್ಷರಗಳು.

"ಇದನ್ನು ಎಷ್ಟು ಜನ ನೋಡಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಮ್ ಗ್ರೂಪಲ್ಲೇ ಇನ್ನೂರು ಜನ. ಬೇರೆ ಗ್ರೂಪ್‌ಗೂ ಕಳ್ಸಿದೀವಿ," ಎಂದರು ಎದುರು ಮನೆಯವರು. ನನ್ನ ಕಡೆ ತಿರುಗಿ, "ಹೇಳಿ ಮೇಡಂ ಅವ್ರಿಗೆ, ಎಲ್ರಿಗೂ ಬಹಳ ಸಂತೋಷ ಆಗಿದೆ ಅಂತ."

ಹೇಳಿದೆ. ಆಕೆ ಹಾರವನ್ನು ಕೈಯಲ್ಲಿ ತೆಗೆದುಕೊಂಡು ಎಲ್ಲರಿಗೂ ವಂದಿಸಿದರು. ಸಂಘದವರು ಇಳಿದುಹೋದ ಮೇಲೆ ಬಾಗಿಲು ಮುಚ್ಚಿ, ನನ್ನನ್ನು ಕೂರಲು ಹೇಳಿದರು. ನಾನು ಅತ್ತುಬಿಡುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ. ಕೆಳಗಿನಿಂದ ಶಾರ್ಟ್‌ಹ್ಯಾಂಡ್ ಪುಸ್ತಕ ತಂದು, ಕೊನೆಯ ಹಾಳೆ ತೆಗೆದು ಅವರ ಮುಂದೆ ಇಟ್ಟು, ಒಂದೊಂದೇ ಓದಿ ಹೇಳಿದೆ. ಮೂರು ಮಕ್ಕಳು, ನಾಲ್ಕು ಮಕ್ಕಳು. ಗುಡ್ಡ, ಬಯಲು. ವ್ಯಾಪಾರಿ, ಮೇಷ್ಟ್ರು.

ಅವರು ಪೂರ್ತಿ ಕೇಳಿದರು. "ಆ ವಿಧವೆಯ ಮಗಳು ಈಗಲೂ ಅದೇ ಊರಿನಲ್ಲಿದ್ದಾಳೆ," ಎಂದರು. "ಪುಸ್ತಕ ಓದಿದವರು ಯಾರೂ ಅವಳನ್ನು ಗುರುತಿಸಬಾರದು. ಯಾವುದನ್ನು ಉಳಿಸಿಕೊಳ್ಳಬೇಕು ಎಂದು ನಾನಿನ್ನೂ ತೀರ್ಮಾನಿಸಿಲ್ಲ. ಅದಕ್ಕೆ ಬದಲಿಸುತ್ತಾ ಇದ್ದೆ. ಕೇಳಿದ್ದರೆ ಹೇಳುತ್ತಿದ್ದೆ. ನೀವು ಕೇಳಲಿಲ್ಲ."

ಇಷ್ಟು ವರ್ಷ ಕೋರ್ಟಿನಲ್ಲಿ ಕೂತಿದ್ದೆ. ಎದುರು ಪಕ್ಷದವರಿಗೆ ಹೇಳಲು ಅವಕಾಶವನ್ನೇ ಕೊಡದೆ ತೀರ್ಪು ಬರೆದದ್ದನ್ನು ಒಂದು ದಿನವೂ ನೋಡಿರಲಿಲ್ಲ.

"ಈಗ ಅಪಾಯವಿದೆಯೇ?" ಎಂದು ಕೇಳಿದೆ.

"ಗೊತ್ತಿಲ್ಲ. ಮೊದಲು ನಾನು ಎಲ್ಲಿದ್ದೇನೆ ಎಂದು ನಮ್ಮ ಸರ್ಕಾರದವರಿಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ."

ಆ ವಾರದಲ್ಲೇ ಕೆಂಗೇರಿಯ ಕಾಲೇಜಿನ ಗೆಸ್ಟ್‌ಹೌಸಿಗೆ ಹೋದರು. ಅಡಗಿ ಪ್ರಯೋಜನವಿಲ್ಲದ ಮೇಲೆ ಕಾವಲಿರುವ ಕಡೆಯೇ ಮೇಲು ಎಂದರು. ಗುಂಪಿನಲ್ಲಿ ಹಾಕಿದ್ದನ್ನು ಅಳಿಸಿ ಎಂದು ನಾನು ಎದುರು ಮನೆಯವರನ್ನು ಬೇಡಿಕೊಂಡೆ. ಅವರಿಗೆ ಬೇಸರವಾಯಿತು. "ಮರ್ಯಾದೆ ಮಾಡಕ್ ಹೋದ್ರೂ ತಪ್ಪಾ?" ಎಂದರು. ಕೊನೆಗೆ ಅಳಿಸಿದರು. ಆದರೆ ಅಷ್ಟು ಹೊತ್ತಿಗೆ ಅದು ಯಾರ್ಯಾರ ಫೋನಿನಲ್ಲಿತ್ತೋ.

ಕೆಲಸ ಅರ್ಧಕ್ಕೆ ನಿಂತಿತು ಎಂದುಕೊಂಡಿದ್ದೆ. ಎರಡು ವಾರದ ಮೇಲೆ ಆ ಲೆಕ್ಚರರ್ ಹುಡುಗಿ ಫೋನ್ ಮಾಡಿದಳು. "ಆಂಟಿ, ಶನಿವಾರ ಬರ್ತೀರಾ ಅಂತ ಕೇಳ್ತಿದಾರೆ." ಹೋದೆ. ಗೇಟಿನಲ್ಲಿ ನನ್ನ ಚೀಲ ತೆರೆಸಿ ನೋಡಿದರು, ಫೋನ್ ಇಸಿದುಕೊಂಡರು. ಮೆಟ್ರೋದಲ್ಲಿ ನಾಯಂಡಹಳ್ಳಿ ದಾಟುವಾಗಿನಿಂದಲೂ ಅವರು ಏನು ಹೇಳಬಹುದೆಂದು ಯೋಚಿಸುತ್ತಿದ್ದೆ. ಅವರು ಪೆನ್ಸಿಲ್ ಕೊಟ್ಟರು. ಅಲ್ಲಿ ನಿಯಮಗಳು ಬದಲಾಗಿದ್ದವು. ಟೈಪು ಮಾಡಬೇಕಾದದ್ದು ಅವರ ಕೋಣೆಯಲ್ಲೇ. ಶಾರ್ಟ್‌ಹ್ಯಾಂಡ್ ಪುಸ್ತಕ ಅವರ ಕಪಾಟಿನಲ್ಲೇ ಇರಬೇಕು. ನಾನು ಒಪ್ಪಿದೆ. ನನ್ನ ಮೇಲೆ ಮತ್ತೆ ನಂಬಿಕೆ ಬಂದಿದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೇರೆ ಯಾರಿಗಾದರೂ ಶಾರ್ಟ್‌ಹ್ಯಾಂಡ್ ಬರುತ್ತಿದ್ದರೆ ನನ್ನನ್ನು ಕರೆಯುತ್ತಿದ್ದರೋ ಇಲ್ಲವೋ.

ಏಳನೆಯ ಶನಿವಾರ ಕೊನೆಯ ಅಧ್ಯಾಯ ಹೇಳಿದರು. ಅದು ನಮ್ಮ ಮನೆಯದು. ಮಹಡಿ, ಹೊಸ ಬೀಗ, ಬಕೆಟ್ಟಿನ ಕಾಗದ, ಎಲ್ಲವನ್ನೂ ಹೇಳಿದರು. ಹಾಳೆಗಳನ್ನು ಕೊಟ್ಟ ಹೆಂಗಸಿನ ವಿಷಯಕ್ಕೆ ಬಂದರು. ಹೆಸರಿಲ್ಲ, ಬೈಗುಳವಿಲ್ಲ. ತೀರ್ಪಿನ ಸಂಗತಿಗಳ ಭಾಗದಂತೆ ಒಂದಾದ ಮೇಲೊಂದು ವಾಕ್ಯ. ನನ್ನ ತಪ್ಪನ್ನು ನಾನೇ ಬರೆದುಕೊಂಡೆ. ಮುಗಿದ ಮೇಲೆ, "ಓದಿ. ತಪ್ಪಿದ್ದರೆ ಹೇಳಿ," ಎಂದರು.

ಓದಿದೆ. "ಒಂದು ಕಡೆ ತಪ್ಪಿದೆ, ಮೇಡಂ."

"ಯಾವುದು?"

"ಹೆದರಿಕೆಯಿಂದ ಕೊಟ್ಟಳು ಎಂದಿದ್ದೀರಿ. ಹೆದರಿಕೆಯಲ್ಲ. ನೀವು ನನ್ನನ್ನು ಅನುಮಾನಿಸಿದಿರಿ ಎಂದು ಚುಚ್ಚಿತು. ಅದಕ್ಕೆ ಕೊಟ್ಟೆ."

"ನನ್ನ ಸ್ಟೆನೋಗೂ ಹೀಗೆಯೇ ಏನೋ ಆಗಿರಬಹುದು, ನಾನೂ ಅವನನ್ನು ಕೇಳಲಿಲ್ಲ," ಎಂದರು. ಆಮೇಲೆ, "ತಿದ್ದಿ," ಎಂದರು. ತಿದ್ದಿದೆ. ಮರುದಿನ ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದರಂತೆ.

ವರ್ಷ ತುಂಬುವ ಮೊದಲೇ ಅವರು ಹೊರಟುಹೋದರು. ಯಾವ ದಿನ, ಯಾವ ವಿಮಾನ ಎಂದು ನನಗೆ ಹೇಳಲಿಲ್ಲ. ಕೆಲವು ತಿಂಗಳಾದ ಮೇಲೆ ಲೆಕ್ಚರರ್ ಹುಡುಗಿ ಮನೆಗೆ ಬಂದು, ಧ್ವನಿ ತಗ್ಗಿಸಿ ಹೇಳಿದಳು. ಕೆಲಸ ಹೋದದ್ದಕ್ಕೆ ತಮ್ಮ ಹೂಡಿದ್ದ ಕೇಸಿನಲ್ಲಿ ಸಾಕ್ಷಿ ಹೇಳಲು ಅವರು ತಮ್ಮ ದೇಶಕ್ಕೇ ಹೋಗಿದ್ದಾರೆ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರು, ನಾಲ್ಕು ದಿನದ ಮೇಲೆ ಕೊಟ್ಟರು. ಸಾಕ್ಷಿ ಹೇಳಿದರು. ಈಗ ಹೊಸ ಮ್ಯಾಜಿಸ್ಟ್ರೇಟುಗಳಿಗೆ ಪಾಠ ಮಾಡುತ್ತಿದ್ದಾರೆ. ತಮ್ಮನಿಗೆ ಕೆಲಸ ವಾಪಸ್ ಸಿಕ್ಕಿಲ್ಲ. ಪುಸ್ತಕ ಯಾವಾಗ ಬರುತ್ತದೋ ಗೊತ್ತಿಲ್ಲ. ನನ್ನ ಹತ್ತಿರ ಅದರ ಒಂದು ಹಾಳೆಯೂ ಇಲ್ಲ, ಇದನ್ನು ಜ್ಞಾಪಕದಿಂದ ಬರೆದಿದ್ದೇನೆ.

ಮೊನ್ನೆ ತರಕಾರಿ ತರಲು ಹೊರಟಾಗ ಎದುರು ಮನೆಯವರು ಗೇಟಿನಲ್ಲಿ ಸಿಕ್ಕಿದರು.

"ಆ ಜಡ್ಜ್ ಮೇಡಂ ಈಗ ಎಲ್ಲಿದಾರೆ? ಏನಾದ್ರೂ ಸುದ್ದಿ ಗೊತ್ತಾ?" ಎಂದರು. ಕಾಳಜಿಯಿಂದಲೇ ಕೇಳಿದ್ದು, ಅದರಲ್ಲಿ ಸುಳ್ಳಿರಲಿಲ್ಲ. ಅವರ ಕೈಯಲ್ಲಿ ಫೋನ್ ಇತ್ತು.

"ಗೊತ್ತಿಲ್ಲ ಸಾರ್," ಎಂದೆ.